ಮದ್ದನ್ನು ಮದ್ದಿನಂತೆ ಇಡಿ

(ಸೇನೆಯ ಮದ್ದುಗುಂಡು ದಾಸ್ತಾನಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಈಗ ಕಾಫಿ ಬೆಳೆಯುತ್ತಿರುವ ಒಬ್ಬರು, ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಎರಡು ವಾರ ಮುಂಚೆ ದಕ್ಷಿಣ ಕೊಡಗಿನ ಊರೊಂದರ ಸಮುದಾಯ ಭವನದಲ್ಲಿ ಆಡಿದ ಮಾತುಗಳ ಬರಹ ರೂಪ.)

ಇಲ್ಲಿ ಕುಳಿತಿರುವವರಲ್ಲಿ ಎಷ್ಟು ಜನರ ಮನೆಯಲ್ಲಿ ಕೋವಿ ಇದೆ? ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದ್ದೀರಿ. ಆ ಕೋವಿ ಈ ಹೊತ್ತು ಎಲ್ಲಿದೆ ಎಂದು ಹೇಳಬಲ್ಲವರು? ಮತ್ತೆ ಎಲ್ಲರೂ. ಸರಿ, ಮನೆಯಲ್ಲಿ ಕಾಡತೂಸು ಎಷ್ಟಿವೆ ಎಂದು ಒಂದೂ ತಪ್ಪದಂತೆ ಹೇಳಬಲ್ಲವರು? ಹಿಂದಿನ ಸಾಲಿನಲ್ಲಿ ಒಬ್ಬರು, ಕಿಟಕಿಯ ಹತ್ತಿರ ಇಬ್ಬರು. ಮೂರು ಕೈ. ಈ ಮೂವರಿಗೆ ನಾನು ಹೇಳಿಕೊಡುವುದು ಹೆಚ್ಚೇನೂ ಇಲ್ಲ. ಉಳಿದವರಿಗಾಗಿಯೇ ಬಂದಿದ್ದೇನೆ.

ನನ್ನ ದೊಡ್ಡಪ್ಪ ತೀರಿಕೊಂಡದ್ದು ಒಂದು ಆಷಾಢದಲ್ಲಿ. ಐದು ದಿನದಿಂದ ಬಿಡದ ಮಳೆ. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಈಡು (ಗುಂಡು), ಸಾವಾದರೆ ಎರಡು ಈಡು ಎಂಬುದು ನಿಮಗೆಲ್ಲ ಗೊತ್ತು. ದೊಡ್ಡಪ್ಪನ ಜೋಡುನಳಿಗೆ ಕೋವಿ ಬೀರುವಿನಲ್ಲಿತ್ತು. ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಅದೆಷ್ಟು ಚೆಂದವಾಗಿ ಇಟ್ಟಿದ್ದರೆಂದರೆ ನಳಿಗೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಆದರೆ ಕಾಡತೂಸು? ಯಾರಿಗೂ ಗೊತ್ತಿಲ್ಲ. ಹೆಣದ ಹತ್ತಿರ ಕುಳಿತಿದ್ದ ದೊಡ್ಡಮ್ಮನನ್ನೇ ಕೇಳಬೇಕಾಯಿತು. ಅವರು ಕಣ್ಣೊರೆಸಿಕೊಂಡು ಅಡುಗೆಮನೆಯ ಕಡೆ ಕೈ ತೋರಿಸಿದರು. ಒಲೆಯ ಮೇಲಿನ ಅಟ್ಟದಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಕಾಗದದ ಕಾಡತೂಸು, ಪ್ಲಾಸ್ಟಿಕ್ ಕಾಡತೂಸು, ಒಂದಿಷ್ಟು ಮೊಳೆ, ಸತ್ತ ಟಾರ್ಚ್ ಬ್ಯಾಟರಿ, ದೊಡ್ಡಪ್ಪನ ಒಂದು ಪದಕ.

ದೊಡ್ಡಪ್ಪನ ಮೊಮ್ಮಗ ಎರಡನ್ನು ಆರಿಸಿ ತುಂಬಿ ಅಂಗಳಕ್ಕೆ ಇಳಿದ. ಕೋವಿಯ ಕುದುರೆ (ಟ್ರಿಗರ್) ಎಳೆದ. ಟಕ್ ಎಂದಿತು, ಅಷ್ಟೆ. ಅವನು ತಕ್ಷಣ ಕೋವಿಯನ್ನು ಮಡಿಸಿ ತೆರೆಯಲು ಹೊರಟಾಗ ನಾನು ಕೂಗಿಕೊಂಡೆ. ನಳಿಗೆಯನ್ನು ಮೇಲಕ್ಕೆ ಹಿಡಿದು ಹಾಗೆಯೇ ನಿಲ್ಲಲು ಹೇಳಿದೆ. ನೆಂದ ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಕೋವಿ ತೆರೆದುಕೊಂಡಿರುವಾಗ ಮುಖದ ಮುಂದೆಯೇ ಅದು ಸಿಡಿಯಬಹುದು. ಒಂದು ನಿಮಿಷ ಪೂರ್ತಿ ಎಣಿಸಿದೆವು. ಸಾವಿನ ಮನೆಯಲ್ಲಿ, ಆ ಮಳೆಯಲ್ಲಿ, ಆ ಒಂದು ನಿಮಿಷ ಬಹಳ ಉದ್ದವಾಗಿತ್ತು. ಆಮೇಲೆ ಇನ್ನೊಂದು ನಳಿಗೆಯ ಕುದುರೆ ಎಳೆದ. ಈಡಿನ ಸದ್ದು ಬರಲಿಲ್ಲ, ಪುಸ್ ಎಂದಿತು. ಅಷ್ಟರಲ್ಲಿ ಪಕ್ಕದ ಮನೆಯವರು ಹೊಸ ಕಾಡತೂಸು ತಂದು ಅವನ ಕೈಗೆ ಕೊಟ್ಟರು. ಎಲ್ಲರಿಗೂ ಅವಸರ. ನಾನು ಕೋವಿಯನ್ನು ಕಸಿದುಕೊಂಡು, ತೆರೆದು, ಬೆಳಕಿಗೆ ಹಿಡಿದು ನೋಡಿದೆ. ಎಡ ನಳಿಗೆಯೊಳಗೆ ಕತ್ತಲು. ಮದ್ದಿಗೆ ಚರೆಯನ್ನು, ಅಂದರೆ ಸೀಸದ ಸಣ್ಣ ಗುಂಡುಗಳನ್ನು, ಹೊರಗೆ ತಳ್ಳುವ ಬಲವಿರಲಿಲ್ಲ. ಬಿಲ್ಲೆಯೂ ಚರೆಯೂ ನಳಿಗೆಯ ನಡುವೆ ಸಿಕ್ಕಿಕೊಂಡಿದ್ದವು. ಅದರ ಹಿಂದೆ ಹೊಸ ಕಾಡತೂಸು ತುಂಬಿ ಹೊಡೆದಿದ್ದರೆ ನಳಿಗೆ ಒಡೆದು ಆ ಹುಡುಗನ ಎಡಗೈಯಲ್ಲಿ ಎಷ್ಟು ಬೆರಳು ಉಳಿಯುತ್ತಿದ್ದವೋ ಹೇಳಲಾರೆ. ಆ ದಿನ ದೊಡ್ಡಪ್ಪನಿಗೆ ಎರಡು ಈಡು ಸಂದದ್ದು ಪಕ್ಕದ ಮನೆಯವರ ಕೋವಿಯಿಂದ.

22 ವರ್ಷ ನಾನು ಸೇನೆಯ ಆರ್ಡ್‌ನೆನ್ಸ್ ಕೋರ್‌ನಲ್ಲಿ ಮದ್ದುಗುಂಡು ಕಾಯುವ ಕೆಲಸ ಮಾಡಿದವನು. ಜಬಲ್‌ಪುರದಲ್ಲಿ ತರಬೇತಿ ಪಡೆದೆ. ಊರೂರು ತಿರುಗಿ ದಾಸ್ತಾನುಗಳನ್ನು ನೋಡಿಕೊಂಡೆ. ನಮ್ಮದೇ ಐನ್‌ಮನೆಯ (ಮನೆತನದ ಮೂಲಮನೆಯ) ಅಟ್ಟದ ಡಬ್ಬಿಯನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಆ ನೋವು ನನಗೆ ಇನ್ನೂ ಇದೆ. ಈ ಮಾತು ಆಡಲು ಒಪ್ಪಿಕೊಂಡದ್ದೂ ಅದರಿಂದಲೇ.

ನಮ್ಮ ನುಡಿಯಲ್ಲಿ ಒಂದು ಸೊಗಸಾದ ಸಂಗತಿ ಇದೆ. ಕೋವಿಯೊಳಗಿನ ಪುಡಿಗೂ ಮದ್ದು ಎನ್ನುತ್ತೇವೆ, ಜ್ವರಕ್ಕೆ ಕುಡಿಯುವುದಕ್ಕೂ ಮದ್ದು ಎನ್ನುತ್ತೇವೆ. ಜ್ವರದ ಮದ್ದಿನ ಶೀಶೆಯ ಮೇಲೆ ಏನು ಬರೆದಿರುತ್ತದೆ, ನೆನಪಿಸಿಕೊಳ್ಳಿ. ತಂಪಾದ ಒಣ ಜಾಗದಲ್ಲಿ ಇಡಿ, ಬಿಸಿಲು ತಾಗಿಸಬೇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ತಯಾರಾದ ದಿನಾಂಕ ಇಷ್ಟು. ಒಂದು ಮದ್ದಿನ ಬಗ್ಗೆ ನಮಗೆ ಇರುವ ಎಚ್ಚರ ಇನ್ನೊಂದರ ಬಗ್ಗೆ ಯಾಕೆ ಇಲ್ಲ? ಕೋವಿಯನ್ನು ನಾವು ಪೂಜಿಸುತ್ತೇವೆ. ಇನ್ನು ಎರಡು ವಾರಕ್ಕೆ ಅದನ್ನು ದೇವರ ಕೋಣೆಯಲ್ಲಿಟ್ಟು ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸುತ್ತೇವೆ. ಕಾಡತೂಸಿಗೆ ಮಾತ್ರ ಹಳೆಯ ಡಬ್ಬಿ, ಜೀಪಿನ ಖಾನೆ, ಮಳೆಕೋಟಿನ ಜೇಬು. ಕೋವಿ ಕಬ್ಬಿಣ ಮತ್ತು ಮರ. ಎಣ್ಣೆ ಹಚ್ಚಿದರೆ ನೂರು ವರ್ಷ ಬಾಳುತ್ತದೆ. ಕಾಡತೂಸು ಹಾಗಲ್ಲ, ಅದು ಬಿತ್ತನೆ ಬೀಜದ ಹಾಗೆ ಕೆಡುವ ವಸ್ತು.

ಅದರೊಳಗೆ ಏನಿದೆ ಎಂದು ತಿಳಿದರೆ ಯಾವುದು ಯಾವುದಕ್ಕೆ ಹೆದರುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಇದು ಒಡೆದು ಖಾಲಿ ಮಾಡಿದ 12 ಬೋರ್ ಕಾಡತೂಸು. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ನಮ್ಮಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಪುಣೆಯ ಹತ್ತಿರದ ಖಡ್ಕಿ ಕಾರ್ಖಾನೆಯದು. ಬುಡದಲ್ಲಿ ಹಿತ್ತಾಳೆಯ ಬಟ್ಟಲು. ಈಗೀಗ ಎಷ್ಟೋ ಕಂಪನಿಗಳದು ಹಿತ್ತಾಳೆಯ ಬಣ್ಣ ಹೊದೆಸಿದ ಉಕ್ಕು. ಅದರ ನಡುವೆ ಕೇಪು. ಸಣ್ಣ ಏಟಿಗೂ ಸಿಡಿಯುವ ರಾಸಾಯನಿಕ ಅದರಲ್ಲಿದೆ. ಅದರ ಮೇಲೆ ಹೊಗೆರಹಿತ ಮದ್ದು. ಹತ್ತಿಯಂಥ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ ಮಾಡಿದ ನೈಟ್ರೋಸೆಲ್ಯುಲೋಸ್. ಮದ್ದಿಗೂ ಚರೆಗೂ ನಡುವೆ ಬಿಲ್ಲೆ, ಮೇಲೆ ಸೀಸದ ಚರೆ, ಇಷ್ಟನ್ನೂ ಹಿಡಿದಿಡುವ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಕೊಳವೆ. ಬಾಯಿಯನ್ನು ಮಡಿಸಿ ಮುಚ್ಚಿದ್ದಾರೆ, ಆದರೆ ಅದು ಬಾಟಲಿಯ ಬಿರಡೆಯಂತೆ ಬಿಗಿಯಾದ ಮುಚ್ಚಳವಲ್ಲ. ಗಾಳಿ ಆಡುತ್ತದೆ, ತೇವ ಒಳಗೆ ಹೋಗುತ್ತದೆ.

ಹಾಗಾಗಿ ಮೊದಲು ತೇವದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳೇ ಬೆವರುತ್ತವೆ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಆ ಗಾಳಿಯಲ್ಲಿ ಕಾಗದದ ಕಾಡತೂಸು ಉಬ್ಬುತ್ತದೆ, ನಳಿಗೆಯ ಹಿಂತುದಿಯಲ್ಲಿ ಅದು ಕೂರುವ ಮನೆಯೊಳಗೆ ಹೋಗುವುದೇ ಇಲ್ಲ. ಒತ್ತಿ ತುರುಕಿದರೆ ಹೊಡೆದ ಮೇಲೆ ಹೊರಗೆ ಬರುವುದಿಲ್ಲ. ಪ್ಲಾಸ್ಟಿಕ್ಕಿನದು ಉಬ್ಬುವುದಿಲ್ಲ ನಿಜ, ಆದರೆ ಒಳಗಿನ ಕೇಪು ಮತ್ತು ಮದ್ದು ಮಂದವಾಗುವುದನ್ನು ಅದು ತಡೆಯಲಾರದು. ಹೊರಗೆ ಹೊಸದರಂತೆ ಹೊಳೆಯುತ್ತಿದ್ದುದರಿಂದಲೇ ನಮ್ಮ ಹುಡುಗ ಆ ದಿನ ಅದನ್ನು ಆರಿಸಿದ್ದು.

ಮಳೆಗಾಲಕ್ಕೂ ಕಾಡತೂಸಿಗೂ ಸಂಬಂಧಿಸಿದ ಒಂದು ಹಳೆಯ ಕಥೆ ಇದೆ. ನಮ್ಮ ದೇಶದ್ದೇ ಕಥೆ, ಆದರೆ ಇಲ್ಲಿ ಯಾರೂ ಹೇಳುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಸೇನೆಯ ಹಿತ್ತಾಳೆ ಕಾಡತೂಸುಗಳು ಮಳೆಗಾಲ ಮುಗಿಯುವಷ್ಟರಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಯಾರೂ ಮುಟ್ಟಿಲ್ಲ, ಬಡಿದಿಲ್ಲ, ಆದರೂ ಕತ್ತಿನ ಬಳಿ ಸೀಳು. ಆ ಋತುವಿನಲ್ಲಿ ಮಾತ್ರ ಆಗುತ್ತಿದ್ದುದರಿಂದ ಅದಕ್ಕೆ ಋತುವಿನ ಬಿರುಕು ಎಂದೇ ಹೆಸರಿಟ್ಟರು. ಮಳೆ ಹಿಡಿದಾಗ ಸಾಮಾನನ್ನು ಒಣಗಿರುವ ಕುದುರೆಲಾಯಗಳಲ್ಲಿ ಇಡುವ ರೂಢಿ ಇತ್ತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ತೇವ, ಹಿತ್ತಾಳೆಯನ್ನು ಎಳೆದು ರೂಪಿಸುವಾಗ ಅದರೊಳಗೆ ಉಳಿದ ಬಿಗಿತ, ಈ ಮೂರೂ ಸೇರಿದರೆ ಲೋಹ ಸೀಳುತ್ತದೆ ಎಂಬುದು 1921ರಲ್ಲಿ ಖಚಿತವಾಗಿ ಗೊತ್ತಾಯಿತು. ಆಮೇಲೆ ಹದವಾಗಿ ಕಾಯಿಸಿ ಆ ಬಿಗಿತ ಬಿಡಿಸುವ ಕ್ರಮ ಬಂತು.

ನಮ್ಮಲ್ಲಿ ಕುದುರೆಲಾಯ ಇಲ್ಲ. ಆದರೆ ದನದ ಕೊಟ್ಟಿಗೆ ಇದೆ, ಗೊಬ್ಬರದ ಗೋದಾಮು ಇದೆ. ಮನೆಯೊಳಗೆ ಮಕ್ಕಳ ಕೈಗೆ ಸಿಗಬಾರದು ಎಂದು, ಒಳ್ಳೆಯ ಯೋಚನೆಯಿಂದಲೇ, ಗೋದಾಮಿನಲ್ಲಿ ಯೂರಿಯಾ ಮೂಟೆಗಳ ಹಿಂದೆ ಕಾಡತೂಸು ಇಟ್ಟವರನ್ನು ನಾನು ಬಲ್ಲೆ. ಯೂರಿಯಾ ತೇವ ಎಳೆದುಕೊಂಡು ಕೊಳೆತಾಗ ಬರುವ ಕಣ್ಣುರಿಸುವ ವಾಸನೆ ಅದೇ ಅಮೋನಿಯಾ. ಒಂದು ಮಳೆಗಾಲ ಸಾಕು, ಹಿತ್ತಾಳೆಗೆ ಹಸಿರು ಹಿಡಿಯುತ್ತದೆ, ಉಕ್ಕಿನ ಬುಡಕ್ಕೆ ತುಕ್ಕು ಹಿಡಿಯುತ್ತದೆ. ಹಸಿರು ಹಿಡಿದದ್ದನ್ನು ಉಜ್ಜಿ ಹೊಳಪು ಮಾಡಿ ಬಳಸಬೇಡಿ. ಮೇಲಿನ ಬಣ್ಣ ಹೋದರೂ ಒಳಗಿನ ಸೀಳು ಹೋಗುವುದಿಲ್ಲ.

ಇನ್ನು ಬಿಸಿ. ತೇವಕ್ಕೆ ಹೆದರಿ ನಮ್ಮ ಹಿರಿಯರು ಒಲೆಯ ಮೇಲಿನ ಅಟ್ಟವನ್ನು ಆರಿಸಿಕೊಂಡರು. ಕಾಚಂಪುಳಿ, ಒಣಮೀನು, ಬಿತ್ತನೆಯ ಕಾಳು ಎಲ್ಲವೂ ಇರುತ್ತಿದ್ದುದು ಅಲ್ಲಿಯೇ. ಅವರನ್ನು ನಾನು ದೂರುವುದಿಲ್ಲ. ಅವರ ಕಾಲದ ಕರಿಮದ್ದಿಗೂ ಕಾಗದಕ್ಕೂ ತೇವವೇ ದೊಡ್ಡ ಶತ್ರುವಾಗಿತ್ತು. ಆದರೆ ಈಗಿನ ಮದ್ದಿನ ಸ್ವಭಾವ ಬೇರೆ. ನೈಟ್ರೋಸೆಲ್ಯುಲೋಸ್ ಹುಟ್ಟಿದ ದಿನದಿಂದಲೇ ಬಹಳ ನಿಧಾನವಾಗಿ ತನ್ನಷ್ಟಕ್ಕೆ ಕೆಡುತ್ತಿರುತ್ತದೆ. ಕೆಡುವಾಗ ಬಿಡುವ ಆಮ್ಲದ ಅನಿಲ ಅದನ್ನು ಇನ್ನಷ್ಟು ಬೇಗ ಕೆಡಿಸುತ್ತದೆ. ಆ ಅನಿಲವನ್ನು ಹೀರಿಕೊಳ್ಳಲೆಂದು ಡೈಫಿನೈಲಮೀನ್‌ನಂಥ ಒಂದು ವಸ್ತುವನ್ನು ಸ್ವಲ್ಪವೇ ಸೇರಿಸಿರುತ್ತಾರೆ. ತಂಪಿನಲ್ಲಿ ಇಟ್ಟರೆ ಆ ಕಾವಲು ದಶಕಗಳ ಕಾಲ ಸಾಲುತ್ತದೆ. ಒಲೆಯ ಬಿಸಿಯಲ್ಲಿ ದಿನಕ್ಕೆ ಮೂರು ಹೊತ್ತು ಬೇಯಿಸಿದರೆ ಬೇಗ ತೀರಿಹೋಗುತ್ತದೆ. ಹಗಲು ಬಿಸಿ, ರಾತ್ರಿ ತಂಪು ಎಂದು ಏರಿಳಿದಂತೆ ಕೊಳವೆಯೊಳಗೆ ಹಬೆ ಹೋಗಿ ನೀರಾಗುತ್ತದೆ. ಹೀಗೆ ಒಲೆಯ ಅಟ್ಟದಲ್ಲಿ ಬಿಸಿಯ ಕೇಡೂ ತೇವದ ಕೇಡೂ ಎರಡೂ ತಟ್ಟುತ್ತವೆ. ದೊಡ್ಡಪ್ಪನ ಡಬ್ಬಿಯಲ್ಲಿ ಆದದ್ದೂ ಇದೇ.

ತಗಡಿನ ಮಾಡಿನ ಕೆಳಗಿನ ಅಟ್ಟವೂ ಅಷ್ಟೇ ಕೆಟ್ಟದ್ದು. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಜೀಪು ಅದಕ್ಕಿಂತ ಕೆಟ್ಟದ್ದು. ಗಾಜು ಮುಚ್ಚಿ ಬಿಸಿಲಿನಲ್ಲಿ ನಿಂತ ವಾಹನದೊಳಗೆ, ಗಾಜಿನ ಕೆಳಗಿನ ಹಲಗೆಯ ಮೇಲೆ, 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಮಾರ್ಚ್ ತಿಂಗಳಲ್ಲಿ ಕಾಫಿ ಕಣದ ಪಕ್ಕ ಜೀಪು ನಿಲ್ಲಿಸಿ ಖಾನೆಯಲ್ಲಿ ನಾಲ್ಕು ಕಾಡತೂಸು ಮರೆತವರು ನಮ್ಮಲ್ಲಿ ಎಷ್ಟು ಜನ ಇಲ್ಲ! ತಾವಾಗಿ ಸಿಡಿಯಲು ಆ ಬಿಸಿ ಸಾಲದು. ಆದರೆ ಅವುಗಳ ಆಯುಷ್ಯ ಅಲ್ಲಿ ಕರಗುತ್ತದೆ. ನೆಂದ ಕಾಡತೂಸನ್ನು ಬಿಸಿಲಿಗೆ ಹರಡಿ, ಬಾಣಲೆಯಲ್ಲಿಟ್ಟು, ಕೂದಲು ಒಣಗಿಸುವ ಯಂತ್ರ ಹಿಡಿದು ಒಣಗಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೆಂದದ್ದು ಹೋಯಿತು ಎಂದೇ ಎಣಿಸಿ.

ಎಣ್ಣೆಯ ಮಾತೂ ಹೇಳಿಬಿಡುತ್ತೇನೆ. ಕೋವಿಗೆ ಎಣ್ಣೆ ಬೇಕು, ಕಾಡತೂಸಿಗೆ ಬೇಡ. ತೆಳು ಎಣ್ಣೆ ಕೇಪಿನ ಅಂಚಿನಿಂದ ನುಸುಳಿ ಒಳಗಿನ ರಾಸಾಯನಿಕವನ್ನು ಸಾಯಿಸುತ್ತದೆ. ಹಬ್ಬದ ಮುಂಚಿನ ದಿನ ಕೋವಿ ಒರೆಸಿದ ಅದೇ ಬಟ್ಟೆಯಲ್ಲಿ ಕಾಡತೂಸುಗಳನ್ನೂ ಒರೆಸಿ ಇಡುವ ಅಭ್ಯಾಸ ಬಿಡಿ.

ಹಾಗಾದರೆ ಎಲ್ಲಿ ಇಡಬೇಕು? ಮನೆಯ ಒಳಗಿನ ಗೋಡೆಗೆ, ಅಂದರೆ ಮಳೆ ಬಡಿಯದ ಗೋಡೆಗೆ, ಆನಿಸಿದ ಒಂದು ಬೀರು ಅಥವಾ ಮರದ ಪೆಟ್ಟಿಗೆ. ನೆಲದಿಂದ ಮೊಣಕಾಲೆತ್ತರ ಮೇಲೆ ಇರಲಿ. ಅಡುಗೆಮನೆ, ಬಚ್ಚಲುಮನೆ, ನೀರೊಲೆ ಇವುಗಳಿಂದ ದೂರ ಇರಲಿ. ಬೀಗ ಬೇಕೇ ಬೇಕು. ನನ್ನದು ಹಲಸಿನ ಹಲಗೆಯ ಪೆಟ್ಟಿಗೆ, ಊರಿನ ಬಡಗಿ ಮಾಡಿಕೊಟ್ಟದ್ದು. ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಯನ್ನು ಹರಿದು ಎಸೆಯಬೇಡಿ, ಕಾಡತೂಸುಗಳನ್ನು ಅದರಲ್ಲೇ ಬಿಡಿ. ಯಾವ ವರ್ಷದ್ದು, ಯಾವ ತಂಡದ್ದು, ಯಾವ ಅಳತೆಯ ಚರೆ ಎಂಬುದೆಲ್ಲ ರಟ್ಟಿನ ಮೇಲಿರುತ್ತದೆ. ಬಿಡಿಯಾಗಿ ಡಬ್ಬಿಗೆ ಸುರಿದ ಮೇಲೆ ಹಳೆಯದು ಯಾವುದು, ಹೊಸದು ಯಾವುದು ಎಂದು ದೇವರೇ ಹೇಳಬೇಕು. ಮೊಳೆ, ಕೀಲಿ, ಚಿಲ್ಲರೆ ಕಾಸಿನ ಜೊತೆ ಸುರಿದರೆ ಕೇಪಿನ ಮೇಲೆ ಚೂಪಾದದ್ದು ಒತ್ತುವ ಅಪಾಯವೂ ಇದೆ.

ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳನ್ನು ಪೆಟ್ಟಿಗೆಯಲ್ಲಿ ಇಡಿ. ಬಣ್ಣ ಬದಲಾಗುವ ಬಗೆಯದ್ದು ಸಿಕ್ಕಿದರೆ ಒಳ್ಳೆಯದು, ಅದು ನೆಂದು ತುಂಬಿದ್ದು ಕಣ್ಣಿಗೆ ಕಾಣುತ್ತದೆ. ಜೂನ್‌ಗೆ ಮುಂಚೆ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ಬದಲಿಸಿ. ದಾಸ್ತಾನಿನಲ್ಲಿ ಪ್ರತಿದಿನ ಬೆಳಿಗ್ಗೆ ಒಣ ಮತ್ತು ಒದ್ದೆ ಉಷ್ಣಮಾಪಕಗಳನ್ನು ನೋಡಿ ಪುಸ್ತಕದಲ್ಲಿ ಬರೆಯುವುದು ನನ್ನ ಮೊದಲ ಕೆಲಸವಾಗಿತ್ತು. ಮನೆಯಲ್ಲಿ ಅಷ್ಟು ಬೇಡ. ಗಾಳಿಯ ತೇವ ತೋರಿಸುವ ಒಂದು ಸಣ್ಣ ಮಾಪಕವನ್ನು ಪೆಟ್ಟಿಗೆಯೊಳಗೆ ಇಟ್ಟರೆ ಸಾಕು. ಮುಳ್ಳು ಶೇಕಡ 60ರ ಕೆಳಗೆ ನಿಂತರೆ ನೆಮ್ಮದಿ.

ದಪ್ಪ ಉಕ್ಕಿನ ತಿಜೋರಿಯಲ್ಲಿ ಇಡಬಹುದಲ್ಲ ಎಂದು ಕಳೆದ ಸಲ ಒಬ್ಬರು ಕೇಳಿದ್ದರು. ಬೇಡ ಎನ್ನುತ್ತೇನೆ, ಕಾರಣ ಬೆಂಕಿ. ಬಿಡಿಯಾಗಿರುವ ಕಾಡತೂಸಿಗೆ ಬೆಂಕಿ ತಾಗಿದರೆ ಅದು ಪಟಾಕಿಯಂತೆ ಒಡೆಯುತ್ತದೆ. ಸುತ್ತ ನಳಿಗೆ ಇಲ್ಲದ ಕಾರಣ ಒತ್ತಡ ಕಟ್ಟುವುದಿಲ್ಲ. ಕೊಳವೆ ಹರಿದು ಚರೆ ಹತ್ತಿರದಲ್ಲೇ ಉದುರುತ್ತದೆ. ಹಗುರವಾದ ಬುಡ ಮತ್ತು ಕೇಪಿನ ಚೂರು ಚರೆಗಿಂತ ದೂರ ಹಾರುತ್ತವೆ, ಹತ್ತಿರ ನಿಂತವರ ಕಣ್ಣಿಗೆ ತಾಗಬಹುದು, ಆದರೆ ಕೋವಿಯಿಂದ ಹೊಡೆದ ಈಡಿನ ಬಲ ಅದಕ್ಕಿಲ್ಲ. ಅಮೆರಿಕದ ಕಾಡತೂಸು ತಯಾರಕರ ಸಂಸ್ಥೆ ಪೆಟ್ಟಿಗೆಗಟ್ಟಲೆ ಸುಟ್ಟು, ಅಗ್ನಿಶಾಮಕರ ಮುಂದೆಯೇ ಇದನ್ನು ಪರೀಕ್ಷಿಸಿ ತೋರಿಸಿದೆ. ಹೊರಗೆ ಹರಿದು ಹೋಗಲು ದಾರಿಯಿಲ್ಲದ ಗಟ್ಟಿ ಪಾತ್ರೆಯೊಳಗೆ ಮದ್ದು ಹೊತ್ತಿಕೊಂಡರೆ ಮಾತ್ರ ಲೆಕ್ಕ ಬೇರೆ. ಆಗ ಪಾತ್ರೆಯೇ ಬಾಂಬಿನ ಕವಚವಾಗುತ್ತದೆ. ಅದಕ್ಕೇ ಮರದ ಪೆಟ್ಟಿಗೆ, ಇಲ್ಲವೇ ತೆಳು ತಗಡಿನ ಬೀರು. ಕಳೆ ಕೊಚ್ಚುವ ಯಂತ್ರದ ಪೆಟ್ರೋಲ್, ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್ ಅದರ ಹತ್ತಿರ ಸುಳಿಯಬಾರದು. ಮನೆಗೆ ಬೆಂಕಿ ಬಿದ್ದರೆ ಕಾಡತೂಸು ತರಲು ಒಳಗೆ ಓಡಬೇಡಿ. ಹೊರಗೆ ನಿಂತು, ಯಾವ ಕೋಣೆಯಲ್ಲಿ ಎಷ್ಟಿವೆ ಎಂದು ಅಗ್ನಿಶಾಮಕ ದಳದವರಿಗೆ ಹೇಳಿ. ತುಂಬಿಟ್ಟ ಕೋವಿ ಮಾತ್ರ ಬೆಂಕಿಯಲ್ಲಿ ನಿಜವಾಗಿಯೇ ಗುಂಡು ಹಾರಿಸುತ್ತದೆ, ಕುದುರೆ ಎಳೆಯಲು ಯಾರೂ ಬೇಕಿಲ್ಲ. ಕಾಡುಹಂದಿ ಬಂದರೆ ಎಂದು ತುಂಬಿದ ಕೋವಿಯನ್ನು ಬಾಗಿಲ ಹಿಂದೆ ಒರಗಿಸಿ ಮಲಗುವವರು ಇದನ್ನು ಕೇಳಿಸಿಕೊಳ್ಳಿ.

ಕಾಡತೂಸಿಲ್ಲದೆ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಗೆ ಕರಿಮದ್ದು ಇಟ್ಟುಕೊಂಡಿರುವವರಿಗೆ ಒಂದೇ ಮಾತು. ಅದಕ್ಕೆ ಒಂದು ಕಿಡಿ ಸಾಕು. ಈ ಪೆಟ್ಟಿಗೆಯ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ. ನಾನಾದರೆ ವಾಸದ ಮನೆಯೊಳಗೆ ಇಡುವುದೇ ಇಲ್ಲ.

ಅಳತೆಯ ಬಗ್ಗೆ ಒಂದು ಮಾತು, ಯಾಕೆಂದರೆ ಇದು ಕಣ್ಣಾರೆ ಕಂಡ ಅಪಾಯ. 12 ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಮಾಡಿದ 12 ಸಮ ಗುಂಡುಗಳಲ್ಲಿ ಒಂದರಷ್ಟು ಅಗಲದ ನಳಿಗೆ. 20 ಬೋರ್ ಎಂದರೆ ಅದೇ ಲೆಕ್ಕದಲ್ಲಿ 20 ಗುಂಡು, ಅಂದರೆ ಇನ್ನೂ ಸಪೂರ. ಹಳೆಯ ಮನೆಗಳಲ್ಲಿ ಎರಡೂ ಇರುತ್ತವೆ. 20ರ ಕಾಡತೂಸನ್ನು 12ರ ಕೋವಿಗೆ ಹಾಕಿದರೆ ಅದು ಕಾಡತೂಸಿನ ಮನೆ ದಾಟಿ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಕಾಣುತ್ತದೆ. ಖಾಲಿಯಿದೆ ಎಂದು 12ರದ್ದು ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಇದನ್ನು ತಪ್ಪಿಸಲೆಂದೇ 20 ಬೋರಿನ ಕಾಡತೂಸಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿದೆ. ಬಣ್ಣ ನಂಬಿ ಕೂರಬೇಡಿ, ಎರಡಕ್ಕೂ ಬೇರೆ ಬೇರೆ ಪೆಟ್ಟಿಗೆ ಮಾಡಿ. ಅಜ್ಜನ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಕೆಲವು 65 ಮಿಲಿಮೀಟರ್ ಉದ್ದದ ಕಾಡತೂಸಿಗೆ ಮಾಡಿದವು. ಈಗಿನದು ಸಾಮಾನ್ಯವಾಗಿ 70. ಕಾಡತೂಸಿನ ಬಾಯಿಯ ಮಡಿಕೆ ಮುಚ್ಚಿರುವಾಗ ಉದ್ದದ್ದೂ ಸಲೀಸಾಗಿ ಒಳಗೆ ಹೋಗುವುದರಿಂದ ತಪ್ಪು ತಿಳಿಯುವುದಿಲ್ಲ. ನಿಮ್ಮ ಕೋವಿಯ ಅಳತೆಯನ್ನು ಬಲ್ಲವರಿಂದ ತಿಳಿದುಕೊಂಡು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿ.

ಈಗ ಹೇಳುವುದು ಕಷ್ಟದ ಮಾತು. ಕಾಡತೂಸನ್ನು ಕೋವಿಯಿಂದ ಬೇರೆ ಕಡೆ, ಬೇರೆ ಬೀಗದಲ್ಲಿ ಇಡಿ ಎಂದು ನಾನು ಹೇಳುವುದು ಕಳ್ಳರ ಭಯಕ್ಕೆ ಮಾತ್ರವಲ್ಲ, ಮನೆಯವರ ಸಲುವಾಗಿ. ಹತ್ತು ವರ್ಷದ ಹುಡುಗನಿಗೆ ಕೋವಿ ಎಲ್ಲಿದೆ ಎಂದು ಗೊತ್ತಿಲ್ಲ ಎಂದುಕೊಂಡಿದ್ದರೆ ನೀವು ಅವನನ್ನು ಅರಿತಿಲ್ಲ. ಕೀಲಿ ಎಲ್ಲಿದೆ ಎಂಬುದೂ ಅವನಿಗೆ ಗೊತ್ತು. ಇನ್ನೊಂದು ಇದೆ. ಬೆಳೆ ಕೈಕೊಟ್ಟ ವರ್ಷ, ಸಾಲದ ನೋಟಿಸು ಬಂದ ದಿನ, ಮನೆಯಲ್ಲಿ ಮಾತು ಬೆಳೆದ ರಾತ್ರಿ, ಕುಡಿತ ಹೆಚ್ಚಾದ ಹೊತ್ತು, ಯಾರ ಮನಸ್ಸು ಎತ್ತ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ಅಂಥ ಗಳಿಗೆಗಳು ಬಹಳ ಸಲ ಕೆಲವೇ ನಿಮಿಷಗಳಲ್ಲಿ ದಾಟಿಹೋಗುತ್ತವೆ. ಆ ನಿಮಿಷಗಳನ್ನು ದಾಟಿಸುವುದೇ ಎರಡನೆಯ ಬೀಗದ ಕೆಲಸ. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಮಕ್ಕಳ ಮತ್ತು ಹದಿಹರೆಯದವರ ಬಗ್ಗೆ ಇದನ್ನೇ ನೋಡಿತ್ತು. ಕೋವಿಗೆ ಬೀಗ, ಕೋವಿ ಖಾಲಿ, ಕಾಡತೂಸಿಗೆ ಬೀಗ, ಎರಡೂ ಬೇರೆ ಬೇರೆ ಕಡೆ, ಈ ನಾಲ್ಕರಲ್ಲಿ ಪ್ರತಿಯೊಂದೂ ಆಕಸ್ಮಿಕ ಗಾಯ ಮತ್ತು ಆತ್ಮಹತ್ಯೆ ಎರಡರ ಅಪಾಯ ಕಡಿಮೆ ಇರುವುದರೊಂದಿಗೆ ಸೇರಿಕೊಂಡಿತ್ತು. ಮನೆಯಲ್ಲಿ ಯಾರಾದರೂ ಮಂಕಾಗಿದ್ದಾರೆ ಅನಿಸಿದರೆ ನಾಚಿಕೆ ಬಿಟ್ಟು ಕೋವಿಯನ್ನೂ ಕಾಡತೂಸನ್ನೂ ಸ್ವಲ್ಪ ಕಾಲ ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಿ. 14416 ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಈ ಸಂಖ್ಯೆಯನ್ನು ಈಗಲೇ ಮೊಬೈಲಿನಲ್ಲಿ ಬರೆದುಕೊಳ್ಳಿ, ನಾನು ಕಾಯುತ್ತೇನೆ.

ಕಾನೂನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ನಮ್ಮ ಮೇಲಿದೆ. ಸಕಲೇಶಪುರ, ಮೂಡಿಗೆರೆ ಕಡೆಯಿಂದ ಬಂದಿರುವ ನೆಂಟರಿಗೆ ಪರವಾನಗಿ ಪುಸ್ತಕ ಇದೆ. ಒಂದು ಹೊತ್ತಿಗೆ ಎಷ್ಟು ಕಾಡತೂಸು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಹಳೆಯ ಡಬ್ಬಿಯಲ್ಲಿ ಮರೆತದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತೇವೆ, ಕಾಡತೂಸು ಮನೆಯಲ್ಲೇ ಉಳಿದಿರುತ್ತದೆ. ಕೋವಿ ಇಲ್ಲದ ಆ ತಿಂಗಳುಗಳಲ್ಲಿ ಅದರ ನೆನಪು ಯಾರಿಗೂ ಬರುವುದಿಲ್ಲ. ಬೀಗ ತೆಗೆದು ಎಣಿಸಲು ಅದೇ ಒಳ್ಳೆಯ ಸಮಯ.

ಕೆಟ್ಟದ್ದನ್ನು ಏನು ಮಾಡುವುದು? ಹೊಳೆಗೆ ಎಸೆಯಬೇಡಿ. ಸೀಸ ನೀರಿಗೆ ಸೇರುತ್ತದೆ, ಮೀನು ಹಿಡಿಯುವ ಮಕ್ಕಳ ಕೈಗೂ ಸಿಗುತ್ತದೆ. ಹೂಳಬೇಡಿ, ನಾಳೆ ಯಾರದೋ ಗುದ್ದಲಿ ಬೀಳುತ್ತದೆ. ಒಲೆಗಂತೂ ಹಾಕಲೇಬೇಡಿ. ಬಿಚ್ಚಿ ಚರೆ ತೆಗೆಯುತ್ತೇನೆ ಎನ್ನುವವರು ಕೇಪನ್ನು ಮರೆಯುತ್ತಾರೆ. ಠಾಣೆಗೆ ಅಥವಾ ಪರವಾನಗಿ ಇರುವ ಅಂಗಡಿಗೆ ಮೊದಲು ಫೋನ್ ಮಾಡಿ, ಇಷ್ಟು ಇವೆ ಎಂದು ಹೇಳಿ, ಅವರು ಹೇಳಿದ ರೀತಿಯಲ್ಲಿ ಒಪ್ಪಿಸಿ. ಕೋವಿಯ ಒಡೆಯರು ತೀರಿಕೊಂಡ ಮನೆಯಲ್ಲಿಯೂ ಹೀಗೆಯೇ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಇದಕ್ಕೆಂದೇ ಇದೆ. ಸಾವಿನ ಗದ್ದಲದಲ್ಲಿ ತಡವಾಗುವುದು ಸಹಜ, ಆದರೆ ಬಿಡಬೇಡಿ. ದೊಡ್ಡಪ್ಪನ ಡಬ್ಬಿಯನ್ನು ಹದಿಮೂರನೆಯ ದಿನದ ಮರುದಿನ ನಾನೇ ಮೇಜಿನ ಮೇಲೆ ಸುರಿದು ಎಣಿಸಿದೆ. 29 ಇದ್ದವು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಕೆಲವದರ ಚರೆ ಗಲಗಲ ಎನ್ನುತ್ತಿತ್ತು, ಕೆಲವದರ ಬಾಯಿಯೇ ಬಿಚ್ಚಿತ್ತು. ಅಷ್ಟನ್ನೂ ಒಪ್ಪಿಸಿ ಸಹಿ ಮಾಡಿಸಿಕೊಂಡು ಬಂದೆ. ಸೀಸ ಮುಟ್ಟಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದುಕೊಂಡೆ.

ಅಕ್ಕ ಅಲ್ಲಿಂದ ಒಂದು ಪ್ರಶ್ನೆ ಕೇಳುತ್ತಿದ್ದಾರೆ, ಒಳ್ಳೆಯ ಪ್ರಶ್ನೆ. ಕೀಲಿ ಯಾರ ಹತ್ತಿರ ಇರಬೇಕು? ಪರವಾನಗಿ ಇರುವ ಮನೆಯಲ್ಲಿ ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರ ಹತ್ತಿರವೇ. ಮೊಳೆಗೆ ನೇತುಹಾಕುವುದಲ್ಲ, ದೇವರ ಪಟದ ಹಿಂದೆ ಇಡುವುದೂ ಅಲ್ಲ. ನಮ್ಮ ಐನ್‌ಮನೆಯಲ್ಲಿ ಈಗ ಎರಡು ಕೀಲಿ. ಕೋವಿಯ ಬೀರುವಿನದು ದೊಡ್ಡಪ್ಪನ ಮಗನ ಹತ್ತಿರ, ಹಲಸಿನ ಪೆಟ್ಟಿಗೆಯದು ದೊಡ್ಡಮ್ಮನ ಹತ್ತಿರ. ಅವರೂ ವಿನಾಯಿತಿ ಪತ್ರ ಇರುವವರು. ಅವರಿಗೆ ಈಗ 84. ಕಳೆದ ಕೈಲ್ ಪೊಳ್ದ್ ದಿನ ಊರವರು ಸೇರುವ ಬಯಲಾದ ಮಂದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಮಗ ಹೊರಟಾಗ, ಸೊಂಟದಿಂದ ಗೊಂಚಲು ತೆಗೆದು, ಎಷ್ಟು ಬೇಕು ಎಂದು ಕೇಳಿದರು. ಆರು ಎಂದ. ಆರನ್ನೇ ಕೊಟ್ಟರು, ಮುಚ್ಚಳದ ಒಳಗಿನ ಚೀಟಿಯಲ್ಲಿ ಬರೆದರು. ಸಂಜೆ ಅವನು ಮರಳಿದಾಗ ಕನ್ನಡಕ ಹಾಕಿಕೊಂಡು ಎಣಿಸಿ ತೆಗೆದುಕೊಂಡರು. ಹಾರದೆ ಉಳಿದದ್ದು ಎರಡು, ಖಾಲಿ ಕೊಳವೆ ನಾಲ್ಕು.